ಹೊಳೆಗೆ ಇಳಿಯುವ ಹಕ್ಕು: ಕಾಳೀ ನದಿಯ ದಂಡೆಯನ್ನು ಕುರಿತು ಒಂದು ವಿಮರ್ಶೆ

೧

ನಗರಗಳ ನದೀದಂಡೆಗಳನ್ನು ಹೊಸದಾಗಿ ಕಟ್ಟುವ ಉದ್ಯಮ ಇಂದು ನಮ್ಮ ದೇಶದ ಹಲವೆಡೆ ನಡೆದಿದೆ. ಬಹುಕಾಲ ತನ್ನ ಹೊಳೆಯನ್ನು ಮರೆತಿದ್ದ ಊರೊಂದು ಈಗ ಅದನ್ನು ನೆನೆದು ಅದರ ಕಡೆಗೆ ಮುಖಮಾಡಲು ಬಯಸಿದರೆ ಅದು ಸಂತೋಷದ ಸಂಗತಿಯೇ ಸರಿ. ಆದರೆ ಇಂಥ ಕಾರ್ಯಗಳ ಗುಣದೋಷಗಳನ್ನು ತೂಗಿನೋಡಲು ಬೇಕಾದ ಒರೆಗಲ್ಲು ನಮ್ಮಲ್ಲಿ ಇನ್ನೂ ಸಿದ್ಧವಾಗಿಲ್ಲ. ಕಾವ್ಯಕ್ಕೆ ಲಕ್ಷಣಶಾಸ್ತ್ರವಿದೆ, ದೇವಾಲಯಕ್ಕೆ ವಾಸ್ತುಶಾಸ್ತ್ರವಿದೆ, ಸಾರ್ವಜನಿಕರ ಹಣದಿಂದ ಕಟ್ಟಿದ ದಂಡೆಯನ್ನು ಮಾತ್ರ ನಾವು ಉದ್ಘಾಟನೆಯ ದಿನದ ದೀಪಗಳ ಎಣಿಕೆಯಿಂದ ಅಳೆದು ಸುಮ್ಮನಾಗುತ್ತೇವೆ. ಅಂಥದೊಂದು ಒರೆಗಲ್ಲನ್ನು ಹುಡುಕುವ ಪ್ರಯತ್ನ ಈ ಲೇಖನದಲ್ಲಿದೆ. ಪರೀಕ್ಷೆಗೆ ಆರಿಸಿಕೊಂಡ ಕ್ಷೇತ್ರ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ನಾಲ್ಕು ತಾಲೂಕುಗಳು: ಮುಂಡಗೋಡ, ಹಳಿಯಾಳ, ದಾಂಡೇಲಿ ಮತ್ತು ಜೋಯಿಡಾ. ಈ ಆಯ್ಕೆಗೆ ಕಾರಣವುಂಟು. ಇಲ್ಲಿ ಹರಿಯುವ ಕಾಳೀ ನದಿಯ ದಂಡೆ ಕಳೆದ ಎಪ್ಪತ್ತು ವರ್ಷಗಳಲ್ಲಿ ಮೂರು ಸಲ ರೂಪಾಂತರ ಹೊಂದಿದೆ: ಮೊದಲು ಕಾರ್ಖಾನೆಯಿಂದ, ಆಮೇಲೆ ಅಣೆಕಟ್ಟೆಯಿಂದ, ಈಚೆಗೆ ಪ್ರವಾಸೋದ್ಯಮದಿಂದ. ನದೀದಂಡೆಯ ಪುನರ್ನಿರ್ಮಾಣವೆಂದರೇನೆಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ನಮ್ಮ ನಾಡಿನಲ್ಲಿ ದೊರೆಯುವುದು ಕಷ್ಟ.

ವಿಷಯಪ್ರವೇಶಕ್ಕೆ ಮುನ್ನ ಒಂದೆರಡು ಶಬ್ದಗಳನ್ನು ವಿಚಾರಿಸಬೇಕು. ಇಂಗ್ಲಿಷಿನ ‘ರಿವರ್‌ಫ್ರಂಟ್’ ಎಂಬ ಪದಕ್ಕೆ ಕನ್ನಡದಲ್ಲಿ ನೇರವಾದ ಸಮಾನಪದವಿಲ್ಲ. ‘ನದೀಮುಖ’ ಎಂದರೆ ನಮಗೆ ಹೊಳೆ ಕಡಲನ್ನು ಸೇರುವ ಸ್ಥಳ. ದಡ, ತಡಿ, ದಂಡೆ, ತೀರ, ಘಟ್ಟ, ಕಡವು, ತೀರ್ಥ—ನಮ್ಮಲ್ಲಿ ಬಳಕೆಯಲ್ಲಿರುವ ಮಾತುಗಳು ಇವು. ಇವುಗಳಲ್ಲಿ ಕಡವು ಎಂದರೆ ದೋಣಿಯಿಂದ ಹೊಳೆಯನ್ನು ದಾಟುವ ಸ್ಥಳ. ತೀರ್ಥವೆಂಬುದು ‘ದಾಟು’ ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ಬಂದುದು. ಅದರ ಮೂಲಾರ್ಥ ನೀರಿಗೆ ಇಳಿಯುವ ಅಥವಾ ಹೊಳೆಯನ್ನು ಹಾಯುವ ಎಡೆ. ಪಾವಿತ್ರ್ಯದ ಅರ್ಥ ಅನಂತರ ಕೂಡಿಕೊಂಡಿತು. ಘಟ್ಟವೆಂದರೆ ನೀರಿನೊಳಕ್ಕೆ ಇಳಿದ ಸೋಪಾನಪಂಕ್ತಿ; ಸಹ್ಯಾದ್ರಿಗೂ ಅದೇ ಹೆಸರು ನಿಂತದ್ದು ಇಳಿಯುವ ಕ್ರಿಯೆಯ ಸಾಮ್ಯದಿಂದಲೇ ಇರಬೇಕು. ಇದರಿಂದ ವ್ಯಕ್ತವಾಗುವುದೇನೆಂದರೆ, ನಮ್ಮ ನುಡಿಯ ಸಂಸ್ಕಾರದಲ್ಲಿ ದಂಡೆಯ ಬೆಲೆ ಅಲ್ಲಿ ಇಳಿಯುವುದು, ದಾಟುವುದು, ಮೀಯುವುದು, ಮೊಗೆಯುವುದು ಎಂಬ ಕ್ರಿಯೆಗಳಿಂದ ನಿರ್ಣಯವಾಗುತ್ತದೆ. ದೂರದಿಂದ ನಿಂತು ನೋಡುವುದು ಆ ಕ್ರಿಯೆಗಳ ಜೊತೆಗೆ ಬರುವ ಸುಖ.

ಇಷ್ಟನ್ನು ಒಪ್ಪಿದರೆ ಒರೆಗಲ್ಲು ತಾನಾಗಿ ಕೈಗೆ ಬರುತ್ತದೆ. ಯಾವುದೇ ದಂಡೆಯನ್ನು ಕುರಿತು ಮೂರು ಪ್ರಶ್ನೆಗಳನ್ನು ಕೇಳಬಹುದು. ಇಳಿದವನಿಗೆ ಆ ನೀರು ಮುಟ್ಟಲು ಯೋಗ್ಯವಾಗಿದೆಯೆ? ನೀರಿಗೆ ತನ್ನ ಕಾಲಧರ್ಮದಂತೆ ಏರಲು ಇಳಿಯಲು ಎಡೆಯುಂಟೆ? ಕೈಯಲ್ಲಿ ಕಾಸಿಲ್ಲದವನೂ ಅಲ್ಲಿಗೆ ಇಳಿಯಬಲ್ಲನೆ? ಮೊದಲನೆಯದು ನೀರಿನ ಶುದ್ಧಿಯ ಪ್ರಶ್ನೆ. ಎರಡನೆಯದು ಹರಿವಿನ ಪ್ರಶ್ನೆ. ಮೂರನೆಯದು ನೆಲದ ಪ್ರಶ್ನೆ. ಕಲ್ಲಿನ ಕೆಲಸ, ದೀಪ, ಉದ್ಯಾನಗಳ ಪ್ರಶ್ನೆ ಇವುಗಳ ತರುವಾಯ ಬರತಕ್ಕದ್ದು. ಈ ಕ್ರಮ ತಲೆಕೆಳಗಾದಾಗ ಎಂಥ ಚೆಲುವಾದ ದಂಡೆಯೂ ಬಾಳುವುದಿಲ್ಲವೆಂಬುದೇ ಇಲ್ಲಿ ಪ್ರತಿಪಾದಿಸಬೇಕಾಗಿರುವ ಅಭಿಪ್ರಾಯ.

೨

ಮೊದಲು ಮುಂಡಗೋಡವನ್ನು ನೋಡೋಣ. ಅಲ್ಲಿ ಕಾಳಿಯಂಥ ಹೊಳೆಯಿಲ್ಲ. ಅದು ಕೆರೆಗಳ ಮತ್ತು ಕಿರುಜಲಾಶಯಗಳ ನಾಡು. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಅಂಚಿನಲ್ಲಿರುವುದರಿಂದ ಅಲ್ಲಿ ಬಿದ್ದ ಮಳೆಯ ಒಂದು ಪಾಲು ಬೇಡ್ತಿಯ ಮೂಲಕ ಪಶ್ಚಿಮದ ಕಡಲಿಗೂ, ಇನ್ನೊಂದು ಪಾಲು ಧರ್ಮಾ, ವರದಾ, ತುಂಗಭದ್ರೆಗಳ ಮೂಲಕ ಪೂರ್ವದ ಕಡಲಿಗೂ ಸಾಗುತ್ತದೆ. ಮಳಗಿಯ ಬಳಿಯ ಧರ್ಮಾ ಜಲಾಶಯ ಈ ತಾಲೂಕಿನಲ್ಲಿದ್ದರೂ ಅದರ ನೀರು ಹಾನಗಲ್ಲಿನ ಹೊಲಗಳಿಗೆ ಹರಿಯುತ್ತದೆ. ಬಾಚಣಕಿ, ಅತ್ತಿವೇರಿ, ಚಿಗಳ್ಳಿ ಮೊದಲಾದ ಜಲಾಶಯಗಳು ಇಲ್ಲಿಯ ಬೇಸಾಯಕ್ಕೆ ಆಧಾರ. ಅತ್ತಿವೇರಿ ಜಲಾಶಯದ ಸುತ್ತಲಿನ ಪ್ರದೇಶ ಇಂದು ಪಕ್ಷಿಧಾಮವಾಗಿದೆ. ನೀರು ತಗ್ಗಿದಾಗ ತೋರುವ ಕೆಸರುದಂಡೆಯೂ ಅಲ್ಲಿಗೆ ಬರುವ ಹಕ್ಕಿಗಳಿಗೆ ಅನ್ನದ ಎಡೆ.

ಕೆರೆಯೆಂಬ ಕೃತಿಯನ್ನು ಸ್ವಲ್ಪ ವಿಮರ್ಶಕನ ಕಣ್ಣಿನಿಂದ ನೋಡಬೇಕು. ಅದಕ್ಕೆ ಏರಿಯಿದೆ, ತೂಬಿದೆ, ಕೋಡಿಯಿದೆ, ಮೆಟ್ಟಿಲಿದೆ. ಏರಿ ನೀರನ್ನು ತಡೆಯುತ್ತದೆ, ಜೊತೆಗೆ ಊರವರ ಕಾಲುದಾರಿಯಾಗುತ್ತದೆ. ತೂಬು ಹೊಲದ ಪಾಲನ್ನು ಕೊಡುತ್ತದೆ. ಕೋಡಿ ಹೆಚ್ಚಾದ ನೀರಿಗೆ ಮರ್ಯಾದೆಯಿಂದ ದಾರಿಬಿಡುತ್ತದೆ. ಮೆಟ್ಟಿಲು ಮನುಷ್ಯನನ್ನು ನೀರಿನವರೆಗೆ ಕರೆದೊಯ್ಯುತ್ತದೆ. ದನಕರುಗಳು ಇಳಿಯುವ ಇಳಿಜಾರು ಬೇರೆಯೇ ಇರುತ್ತದೆ. ನಾವು ಕೇಳಿದ ಮೂರು ಪ್ರಶ್ನೆಗಳಿಗೂ ನಮ್ಮ ಹಿರಿಯರು ಮಣ್ಣಿನಲ್ಲಿ ಬರೆದ ಉತ್ತರ ಇದು. ಗೌಳಿಗರ ಎಮ್ಮೆಗಳು, ಸಿದ್ದಿಗರ ಹಾಗೂ ಲಂಬಾಣಿಗರ ಹಾಡಿ ತಾಂಡಾಗಳು, ೧೯೬೬ರಿಂದ ಇಲ್ಲಿ ನೆಲೆಸಿದ ಟಿಬೇಟಿ ನಿರಾಶ್ರಿತರು—ಇಷ್ಟು ಬಗೆಯ ಜನಜೀವನಕ್ಕೆ ಎಡೆಯಾದ ತಾಲೂಕಿನಲ್ಲಿ ನೀರಿನ ಅಂಚು ಎಲ್ಲರಿಗೂ ತೆರೆದಿರುವುದು ಎಷ್ಟು ಅಗತ್ಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕೃತಿ ದೋಷರಹಿತವೆಂದು ಹೇಳುವಂತಿಲ್ಲ. ೨೦೧೯ರ ಆಗಸ್ಟ್ ತಿಂಗಳ ಮಹಾಮಳೆಯಲ್ಲಿ ಚಿಗಳ್ಳಿ ಜಲಾಶಯದ ಒಡ್ಡು ಒಡೆದು ಕೆಳಗಿನ ಹೊಲಗದ್ದೆಗಳ ಮೇಲೆ ನೀರು ನುಗ್ಗಿತು. ಏರಿ ಮತ್ತು ಕೋಡಿಗಳ ಜೋಪಾನ ಕೆರೆಯ ಪ್ರಾಣವೆಂಬುದಕ್ಕೆ ಈ ಘಟನೆ ಸಾಕ್ಷಿ. ಏರಿಯ ಮೇಲೆ ಹೂಗಿಡ ನೆಡುವುದಕ್ಕೆ ಹಣ ಕೊಡುವ ಮುನ್ನ ಕೋಡಿಯ ಹೂಳನ್ನು ತೆಗೆಸಬೇಕೆಂಬ ವಿವೇಕ ಹಳೆಯದು, ಅದು ಹಳತಾಗಿಲ್ಲ. ಈ ಸಣ್ಣ ಅಳತೆಗೋಲನ್ನು ಹಿಡಿದುಕೊಂಡು ಇನ್ನು ದೊಡ್ಡ ಹೊಳೆಗೆ ಹೋಗಬಹುದು.

೩

ಕಾಳಿ ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟಿ ಸುಮಾರು ೧೮೪ ಕಿಲೋಮೀಟರು ಹರಿದು ಕಾರವಾರದ ಸದಾಶಿವಗಡದ ಬಳಿ ಅರಬೀ ಸಮುದ್ರವನ್ನು ಸೇರುತ್ತದೆ. ಇಡೀ ಆಯುಷ್ಯವನ್ನು ಒಂದೇ ಜಿಲ್ಲೆಯೊಳಗೆ ಕಳೆಯುವ ಹೊಳೆ ಇದು. ಅದರ ದಂಡೆಯ ಮೇಲೆ ನಗರವೆನ್ನಬಹುದಾದ ಊರು ಘಟ್ಟದ ಮೇಲೆ ದಾಂಡೇಲಿಯೊಂದೇ. ದಾಂಡೇಲಪ್ಪನೆಂಬ ದೈವದೊಡನೆ ಜನರು ಹೆಸರನ್ನು ಹೊಂದಿಸುವ ಈ ಊರು ಮೊದಲು ಕಾಡಿನ ಮರದ ವ್ಯಾಪಾರದಿಂದ ಬೆಳೆಯಿತು. ಉತ್ತರ ಕನ್ನಡ ಇನ್ನೂ ಮುಂಬಯಿ ರಾಜ್ಯದಲ್ಲಿದ್ದಾಗ, ೧೯೫೫ರಲ್ಲಿ, ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ೧೯೫೯ರಲ್ಲಿ ಕಾಗದದ ಉತ್ಪಾದನೆ ಆರಂಭವಾಯಿತು. ಕಾಗದಕ್ಕೆ ಎರಡು ವಸ್ತುಗಳು ಮುಖ್ಯವಾಗಿ ಬೇಕು: ಬಿದಿರು ಮತ್ತು ನೀರು. ಎರಡೂ ಇಲ್ಲಿದ್ದವು. ಕಾರ್ಖಾನೆಗೆ ಸರ್ಕಾರ ಮೊದಲಿಗೆ ಟನ್ನೊಂದಕ್ಕೆ ಒಂದೂವರೆ ರೂಪಾಯಿಯ ದರದಲ್ಲಿ ಬಿದಿರನ್ನು ಕೊಟ್ಟಿತ್ತೆಂಬುದನ್ನು ಪರಿಸರವಿಜ್ಞಾನಿ ಮಾಧವ ಗಾಡ್ಗೀಳರು ತಮ್ಮ ಬರಹಗಳಲ್ಲಿ ಎತ್ತಿತೋರಿಸಿದ್ದಾರೆ. ಬುಟ್ಟಿ ಹೆಣೆಯುವ ಮೇದರವನು ಅದೇ ಬಿದಿರಿಗೆ ಸಂತೆಯಲ್ಲಿ ಅದರ ಎಷ್ಟೋ ಪಾಲು ಹೆಚ್ಚಿನ ಬೆಲೆ ತೆರಬೇಕಾಗಿತ್ತು.

ಬಿದಿರಿಗೆ ಬೆಲೆ ಅಲ್ಪವಾಗಿದ್ದರೆ ನೀರಿನ ವಿಷಯದಲ್ಲಿ ಬೆಲೆಯ ಮಾತೇ ಮೊದಲಿಗೆ ಏಳಲಿಲ್ಲ. ಬಿದಿರನ್ನು ಬೇಯಿಸಿ ನಾರನ್ನು ಬೇರ್ಪಡಿಸಿದಾಗ ಉಳಿಯುವ ಕಪ್ಪುದ್ರವ, ನಾರನ್ನು ಬಿಳುಪುಗೊಳಿಸುವಾಗ ಹೊರಬರುವ ತೊಳೆನೀರು—ಇವು ಎಲ್ಲ ದೇಶಗಳಲ್ಲೂ ಕಾಗದದ ಉದ್ಯಮಕ್ಕೆ ಅಂಟಿಕೊಂಡ ಸಮಸ್ಯೆ. ಹೊಳೆಗಳನ್ನು ಕಾಯುವ ಜಲಮಾಲಿನ್ಯ ನಿಯಂತ್ರಣ ಶಾಸನ ನಮ್ಮ ದೇಶಕ್ಕೆ ಬಂದುದು ೧೯೭೪ರಲ್ಲಿ, ಅಂದರೆ ಈ ಕಾರ್ಖಾನೆ ಕೆಲಸಕ್ಕೆ ತೊಡಗಿ ಹದಿನೈದು ವರ್ಷಗಳಾದ ಮೇಲೆ. ಆ ಬಳಿಕ ಶುದ್ಧೀಕರಣದ ವ್ಯವಸ್ಥೆಗಳು ಬಂದವು, ವಿವಾದಗಳೂ ಬಂದವು. ಕಾರ್ಖಾನೆ ಸಾವಿರಾರು ಸಂಸಾರಗಳಿಗೆ ಅನ್ನವಿಟ್ಟಿತೆಂಬುದನ್ನು ಮರೆಯುವುದು ಅನ್ಯಾಯವಾದೀತು. ನಮ್ಮ ವಿದ್ಯಾಲಯಗಳ ಪುಸ್ತಕಗಳೂ ಇಂಥ ಕಾರ್ಖಾನೆಗಳ ಕಾಗದದ ಮೇಲೆಯೇ ಅಚ್ಚಾದವು. ಆದರೂ ವಿಮರ್ಶೆಯ ಮಾತು ನಿಲ್ಲುತ್ತದೆ: ಊರಿನವರು ಹೊಳೆಯ ನೀರನ್ನು ಅನುಮಾನದಿಂದ ನೋಡುವಂತಾದಾಗ ದಂಡೆಯ ಮೊದಲನೆಯ ಗುಣವೇ ಕೆಟ್ಟಿತು. ಊರಿನ ಚರಂಡಿಯೂ ಈ ಹೊಣೆಯಲ್ಲಿ ಪಾಲುಗಾರ. ಮನೆಮನೆಯ ಮಲಿನಜಲವನ್ನು ಶುದ್ಧಮಾಡದೆ ಹೊಳೆಗೆ ಬಿಡುವ ಯಾವ ಪಟ್ಟಣವೂ ಕಾರ್ಖಾನೆಯೊಂದನ್ನೇ ದೂರಿ ಪಾರಾಗಲಾರದು.

೪

ಎರಡನೆಯ ರೂಪಾಂತರ ಅಣೆಕಟ್ಟೆಯಿಂದ ಆಯಿತು. ಕಾಳೀ ಜಲವಿದ್ಯುತ್ ಯೋಜನೆಯ ಅಂಗವಾಗಿ ಗಣೇಶಗುಡಿಯಲ್ಲಿ ಕಟ್ಟಿದ ಸೂಪಾ ಅಣೆಕಟ್ಟೆಯ ಎತ್ತರ ೧೦೧ ಮೀಟರು. ಕಾಳಿ ಮತ್ತು ಪಾಂಡರಿಗಳ ಸಂಗಮದಲ್ಲಿದ್ದ, ತಾಲೂಕಿನ ಮುಖ್ಯಸ್ಥಳವಾಗಿದ್ದ ಸೂಪಾ ಗ್ರಾಮ ಅದರ ಹಿನ್ನೀರಿನಲ್ಲಿ ಮುಳುಗಿತು. ಕಚೇರಿಗಳು ಜೋಯಿಡಾಕ್ಕೆ ಹೋದವು. ಮುಳುಗಡೆಯವರಲ್ಲಿ ಅನೇಕರು ರಾಮನಗರದಲ್ಲಿ ನೆಲೆನಿಂತರು. ಸೂಪಾದಲ್ಲಿ ೧೦೦, ನಾಗಝರಿಯಲ್ಲಿ ೯೦೦, ಕೊಡಸಳ್ಳಿಯಲ್ಲಿ ೧೨೦, ಕದ್ರಾದಲ್ಲಿ ೧೫೦—ಹೀಗೆ ಒಟ್ಟು ಸುಮಾರು ೧೨೭೦ ಮೆಗಾವಾಟ್ ಸಾಮರ್ಥ್ಯದ ಯಂತ್ರಗಳನ್ನು ಈ ಒಂದು ಹೊಳೆ ತಿರುಗಿಸುತ್ತದೆ. ಕೈಗಾದ ಅಣುವಿದ್ಯುತ್ ಕೇಂದ್ರಕ್ಕೂ ಕದ್ರಾದ ಜಲಾಶಯವೇ ಆಧಾರ. ಕರ್ನಾಟಕದ ಎಷ್ಟೋ ಮನೆಗಳ ದೀಪಕ್ಕೆ ಕಾಳಿ ಎಣ್ಣೆಯೆರೆದಿದೆ ಎಂದರೆ ಅತಿಶಯೋಕ್ತಿಯಲ್ಲ.

ದಂಡೆಯ ದೃಷ್ಟಿಯಿಂದ ಇದರ ಪರಿಣಾಮವೇನೆಂಬುದನ್ನು ಸೂಕ್ಷ್ಮವಾಗಿ ಗಮನಿಸಬೇಕು. ಅಣೆಕಟ್ಟೆಯ ಮೇಲ್ಗಡೆಯಲ್ಲಿ ಹಿನ್ನೀರು ಪೂರ್ಣಮಟ್ಟವಾದ ೫೬೪ ಮೀಟರನ್ನು ಮುಟ್ಟುವುದು ಅಪರೂಪ. ಆದುದರಿಂದ ಅಲ್ಲಿ ದಂಡೆ ಒಂದೆಡೆ ನಿಲ್ಲದೆ ಋತುವಿನಿಂದ ಋತುವಿಗೆ ದೂರ ಸರಿಯುತ್ತದೆ. ನೀರಿಗೂ ಕಾಡಿಗೂ ನಡುವೆ ಹುಲ್ಲೂ ಬೆಳೆಯದ ಮಣ್ಣಿನ ಪಟ್ಟಿ ಉಳಿಯುತ್ತದೆ. ಅಣೆಕಟ್ಟೆಯ ಕೆಳಗಡೆ, ಗಣೇಶಗುಡಿಯಿಂದ ದಾಂಡೇಲಿಯವರೆಗೆ, ಹೊಳೆಯ ಏರಿಳಿತ ವಿದ್ಯುತ್ತಿನ ಬೇಡಿಕೆಯನ್ನು ಅನುಸರಿಸುತ್ತದೆ. ಮಳೆಯಿಲ್ಲದ ಬೇಸಗೆಯ ದಿನದಲ್ಲೂ ಯಂತ್ರ ತಿರುಗಿದರೆ ನೀರು ಏರುತ್ತದೆ. ಯಂತ್ರ ನಿಂತರೆ ಬಂಡೆಗಳು ತೋರುತ್ತವೆ. ದಾಂಡೇಲಿಯ ಕೆಳಗೆ ಬೊಮ್ಮನಹಳ್ಳಿಯ ಕಟ್ಟೆ ಹೊಳೆಯನ್ನು ಮತ್ತೆ ತಡೆದು ಸುರಂಗದ ಮಾರ್ಗವಾಗಿ ನಾಗಝರಿಗೆ ಕಳಿಸುತ್ತದೆ. ಹಿಂದೆ ಹೊಳೆಯ ಪಂಚಾಂಗ ಮುಂಗಾರು ಹಿಂಗಾರುಗಳದಾಗಿತ್ತು. ಬಟ್ಟೆ ಒಗೆಯುವ ಹೆಂಗಸಿಗೂ, ಗಾಳ ಹಾಕುವ ಹುಡುಗನಿಗೂ ಅದು ಬಾಯಿಪಾಠವಾಗಿತ್ತು. ಇಂದಿನ ಪಂಚಾಂಗ ವಿದ್ಯುದಾಗಾರದ ದಿನಚರಿಯಲ್ಲಿದೆ. ಅದನ್ನು ದಂಡೆಯವರು ಓದಲಾರರು.

ಇದು ಬರಿಯ ಅನನುಕೂಲದ ಮಾತಲ್ಲ. ೨೦೧೯ರ ಆಗಸ್ಟ್ ಮತ್ತು ೨೦೨೧ರ ಜುಲೈ ತಿಂಗಳುಗಳಲ್ಲಿ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕೆಳಗಿನ ಗ್ರಾಮಗಳು ಜಲಾವೃತವಾದವು. ಹೀಗಿರುವಲ್ಲಿ ದಂಡೆಯ ಮೇಲೆ ಏನನ್ನು ಕಟ್ಟಿದರೂ ಅದರ ಮೊದಲ ಶಿಲ್ಪಿ ಅಣೆಕಟ್ಟೆಯ ಬಾಗಿಲನ್ನು ತೆರೆಯುವ ಅಧಿಕಾರಿಯೇ ಆಗಿರುತ್ತಾನೆ. ಅವನನ್ನು ಬಿಟ್ಟು ನಗರಸಭೆ, ಲೋಕೋಪಯೋಗಿ ಇಲಾಖೆ, ಪ್ರವಾಸೋದ್ಯಮ ಇಲಾಖೆಗಳು ಮಾತ್ರ ಕೂಡಿ ದಂಡೆಯ ನಕ್ಷೆ ಬರೆದರೆ ಆ ನಕ್ಷೆ ಅರ್ಧ ಹೊಳೆಯದಾಗುತ್ತದೆ.

೫

ಮೂರನೆಯ ರೂಪಾಂತರ ನಮ್ಮ ಕಣ್ಣೆದುರಿಗೇ ನಡೆಯುತ್ತಿದೆ. ದಾಂಡೇಲಿ ಮತ್ತು ಅಣಶಿಗಳ ಅರಣ್ಯ ೨೦೦೭ರಲ್ಲಿ ಹುಲಿಸಂರಕ್ಷಿತ ಪ್ರದೇಶವಾಯಿತು. ೨೦೧೫ರಲ್ಲಿ ಅದಕ್ಕೆ ಕಾಳಿಯ ಹೆಸರನ್ನೇ ಇಟ್ಟರು. ಸೂಪಾದಿಂದ ಬಿಟ್ಟ ನೀರಿನ ರಭಸದಲ್ಲಿ ರಬ್ಬರಿನ ದೋಣಿ ತೇಲಿಸುವ ಕ್ರೀಡೆ ದೂರದ ನಗರಗಳ ಯುವಕರನ್ನು ಸೆಳೆಯಿತು. ಗಣೇಶಗುಡಿಯಿಂದ ದಾಂಡೇಲಿಯವರೆಗೆ ದಂಡೆಯ ಉದ್ದಕ್ಕೂ ರೆಸಾರ್ಟುಗಳು, ಹೋಂಸ್ಟೇಗಳು ಎದ್ದವು. ಕಾರ್ಖಾನೆಯ ಕೆಲಸವನ್ನೇ ನಂಬಿದ್ದ ಊರಿಗೆ ಇದರಿಂದ ಇನ್ನೊಂದು ಜೀವನೋಪಾಯ ಒದಗಿತು. ಅದನ್ನು ಹೀಗಳೆಯುವುದು ಸರಿಯಲ್ಲ. ಪ್ರಶ್ನೆ ಏಳುವುದು ಬೇಲಿಯನ್ನು ಕುರಿತು. ದಂಡೆಗೆ ತಾಗಿದ ಜಮೀನಿಗೆ ಬೇಲಿ ಬಿದ್ದಲ್ಲಿ ಹೊಳೆಗೆ ಹೋಗುವ ಹಳೆಯ ಕಾಲುದಾರಿ ಮುಚ್ಚುತ್ತದೆ. ಹಣ ತೆತ್ತ ಅತಿಥಿ ಮೆಟ್ಟಿಲಿಳಿದು ನೀರಿನಲ್ಲಿ ಕಾಲಾಡಿಸುವಾಗ ಪಕ್ಕದ ಹಳ್ಳಿಯವನು ಸುತ್ತುಬಳಸಿನ ದಾರಿ ಹಿಡಿಯಬೇಕಾಗುತ್ತದೆ. ಮಾಘಮಾಸದಲ್ಲಿ ಧಾರವಾಡ, ಬೆಳಗಾವಿಗಳ ಕಡೆಯಿಂದ ಉಳವಿಯ ಚೆನ್ನಬಸವೇಶ್ವರನ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಬರುವ ಭಕ್ತರಿದ್ದಾರೆ. ಅವರ ಎತ್ತುಗಳಿಗೆ ಕುಡಿಯಲು ನೀರು, ಚಕ್ಕಡಿ ಬಿಡಲು ದಂಡೆಯ ಬಯಲು ಬೇಕು. ದಂಡೆ ಸಾರ್ವಜನಿಕವೇ ಅಲ್ಲವೇ ಎಂಬುದನ್ನು ಇಂಥ ಎತ್ತುಗಳಿಂದಲೇ ಪರೀಕ್ಷಿಸಬಹುದು.

ಈ ಹಕ್ಕಿನ ವಿಚಾರ ಹೊಸತೇನಲ್ಲ. ಆರನೆಯ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿಯ ಆಜ್ಞೆಯಿಂದ ಸಿದ್ಧವಾದ ರೋಮನ್ ನ್ಯಾಯಗ್ರಂಥ ಇದರಲ್ಲಿ ಬಹು ಸೂಕ್ಷ್ಮವಾದ ಭೇದವೊಂದನ್ನು ಕಾಣಿಸಿದೆ. ದಂಡೆಯ ಒಡೆತನ ಅದಕ್ಕೆ ತಾಗಿದ ಜಮೀನಿನವನದಿರಬಹುದು. ದಂಡೆಯ ಬಳಕೆ ಮಾತ್ರ ಹೊಳೆಯ ಬಳಕೆಯಂತೆಯೇ ಎಲ್ಲರದು. ಯಾರಾದರೂ ದೋಣಿಯನ್ನು ಅಲ್ಲಿಗೆ ತರಬಹುದು, ದಂಡೆಯ ಮರಕ್ಕೆ ಹಗ್ಗ ಕಟ್ಟಬಹುದು, ಹೊರೆಯನ್ನು ಇಳಿಸಬಹುದು. ಒಡೆತನ ಬೇರೆ, ಬಳಕೆ ಬೇರೆ ಎಂಬ ಈ ವಿವೇಕ ನಮ್ಮ ನ್ಯಾಯಾಲಯಕ್ಕೂ ಬಂದಿತು. ಹಿಮಾಚಲ ಪ್ರದೇಶದಲ್ಲಿ ಬಿಯಾಸ್ ನದಿಯ ದಂಡೆಯ ಮೇಲಿದ್ದ ಹೋಟೆಲೊಂದು ತನ್ನ ಕಟ್ಟಡಗಳನ್ನು ಉಳಿಸಿಕೊಳ್ಳಲು ನದಿಯ ಪಾತ್ರವನ್ನೇ ತಿರುಗಿಸಲು ಹೊರಟಿದ್ದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ೧೯೯೬ರ ಡಿಸೆಂಬರದಲ್ಲಿ ತೀರ್ಪಿತ್ತು, ದಂಡೆಯ ಭೂಮಿಯ ಗೇಣಿಯನ್ನು ರದ್ದುಗೊಳಿಸಿತು. ನದಿ, ಅರಣ್ಯ, ಕಡಲತಡಿಗಳು ಪ್ರಜೆಗಳ ಪರವಾಗಿ ಸರ್ಕಾರದ ವಶದಲ್ಲಿರುವ ನ್ಯಾಸಗಳು. ಅವನ್ನು ಖಾಸಗಿಯವರಿಗೆ ಪರಭಾರೆ ಮಾಡುವ ಅಧಿಕಾರ ಸರ್ಕಾರಕ್ಕಿಲ್ಲವೆಂಬುದು ಆ ತೀರ್ಪಿನ ಸಾರ. ತತ್ತ್ವ ಹೀಗೆ ಸ್ಥಿರವಾಗಿದ್ದರೂ ಅದಕ್ಕೆ ಅಳತೆ ದೊರೆತಿಲ್ಲ. ಕಡಲತಡಿಗೆ ನಿಯಂತ್ರಣ ವಲಯದ ಅಧಿಸೂಚನೆಯಿದೆ; ಒಳನಾಡಿನ ಹೊಳೆಗಳಿಗೆ ಅಂಥದೊಂದು ಕರಡಿನ ಹಂತವನ್ನು ದಾಟಲಿಲ್ಲ. ಬೆಂಗಳೂರಿನ ಕೆರೆಗಳ ಸುತ್ತ ೭೫ ಮೀಟರು ತೆರವಿರಬೇಕೆಂದು ಹಸಿರು ನ್ಯಾಯಮಂಡಳಿ ೨೦೧೬ರಲ್ಲಿ ವಿಧಿಸಿದ್ದನ್ನು ಸರ್ವೋಚ್ಚ ನ್ಯಾಯಾಲಯ ೨೦೧೯ರಲ್ಲಿ ತೆಗೆದುಹಾಕಿತು. ತತ್ತ್ವ ಆಕಾಶದಲ್ಲಿ, ಬೇಲಿ ನೆಲದಲ್ಲಿ ಎಂಬಂತಾಗಿದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ದಾಂಡೇಲಿಯ ಕಾಳಿಯಲ್ಲಿ ಮೊಸಳೆಗಳಿವೆ. ೨೦೨೧ರ ಅಕ್ಟೋಬರದಲ್ಲಿ ದಂಡೆಯಲ್ಲಿ ಮೀನು ಹಿಡಿಯುತ್ತಿದ್ದ ಬಾಲಕನೊಬ್ಬನನ್ನು ಮೊಸಳೆ ಎಳೆದೊಯ್ದಿತು. ಹಾಗಿರುವಾಗ ಇಳಿಯುವ ಹಕ್ಕೆಂಬುದು ಸಾಯುವ ಹಕ್ಕಾಗದೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಇಳಿದವರು ಯಾರೆಂಬುದನ್ನೂ ನೋಡಬೇಕು. ಮನೆಯಲ್ಲಿ ನಳವಿದ್ದವನು ಹೊಳೆಗೆ ಬಟ್ಟೆ ಒಗೆಯಲು ಹೋಗುವುದಿಲ್ಲ. ದಂಡೆಯನ್ನು ಮುಚ್ಚಿದರೆ ಬಡವನು ಅಲ್ಲಿಗೆ ಹೋಗುವುದು ನಿಲ್ಲುವುದಿಲ್ಲ. ಕಳ್ಳದಾರಿಯಿಂದ, ಇನ್ನೂ ಅಪಾಯದ ಎಡೆಯಲ್ಲಿ ಇಳಿಯುತ್ತಾನೆ. ಸಿಂಹಳದ್ವೀಪದ ನೀಲ್ವಲಾ ನದಿಯಲ್ಲಿ ಮೊಸಳೆಗಳ ಭಯವಿರುವ ಕಡೆ ಮೀಯುವ ಎಡೆಯನ್ನು ನೀರಿನೊಳಗೇ ಗಟ್ಟಿಯಾದ ಬೇಲಿಯಿಂದ ಸುತ್ತುಗಟ್ಟುವ ಪದ್ಧತಿಯುಂಟು. ಮೊಸಳೆ ಹೊರಗೆ, ಮನುಷ್ಯ ಒಳಗೆ, ಹೊಳೆ ಇಬ್ಬರದೂ. ಬೇಲಿಯನ್ನು ಎಲ್ಲಿ ಹಾಕಬೇಕೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

೬

ಹೊರಗಿನ ಎರಡು ಉದಾಹರಣೆಗಳನ್ನು ಈ ಒರೆಗಲ್ಲಿಗೆ ಹಚ್ಚಿನೋಡೋಣ. ನಮ್ಮ ದೇಶದಲ್ಲಿ ದಂಡೆಯ ಪುನರ್ನಿರ್ಮಾಣವೆಂದೊಡನೆ ಎಲ್ಲರೂ ಎತ್ತುವ ಹೆಸರು ಅಹಮದಾಬಾದಿನ ಸಾಬರಮತಿಯದು. ೧೯೯೭ರಲ್ಲಿ ಅದಕ್ಕಾಗಿಯೇ ಒಂದು ನಿಗಮ ಸ್ಥಾಪನೆಯಾಯಿತು. ೨೦೧೨ರಲ್ಲಿ ವಿಹಾರಪಥದ ಮೊದಲ ಭಾಗಗಳನ್ನು ಜನರಿಗೆ ತೆರೆದರು. ಸುಮಾರು ಹನ್ನೊಂದು ಕಿಲೋಮೀಟರು ಉದ್ದಕ್ಕ ಎರಡೂ ಕಡೆ ಗೋಡೆಯೆಬ್ಬಿಸಿ, ಹಿಗ್ಗಿ ಕುಗ್ಗುತ್ತಿದ್ದ ನದಿಯನ್ನು ೨೬೩ ಮೀಟರು ಅಗಲದ ಸಮಪಾತ್ರವಾಗಿ ಮಾಡಿದರು. ಜನರು ಅಲ್ಲಿ ಸಂಜೆ ತಿರುಗಾಡುತ್ತಾರೆ; ಚರಂಡಿಗಳನ್ನು ತಡೆಯುವ ಕೊಳವೆಗಳೂ ಆ ಯೋಜನೆಯ ಅಂಗವಾಗಿ ಬಂದವು. ಈ ಗುಣಗಳನ್ನು ಒಪ್ಪಬೇಕು. ಆದರೆ ಅಲ್ಲಿ ತುಂಬಿ ತೋರುವ ನೀರು ಸಾಬರಮತಿಯದಲ್ಲ; ನರ್ಮದೆಯ ಕಾಲುವೆಯಿಂದ ತಂದು, ಕೆಳಗೆ ವಾಸಣಾ ಕಟ್ಟೆಯಿಂದ ನಿಲ್ಲಿಸಿದ್ದು. ದಂಡೆಯಲ್ಲಿ ವಾಸವಾಗಿದ್ದ ಸಾವಿರಾರು ಬಡ ಸಂಸಾರಗಳು ಊರಿನ ಅಂಚುಗಳಿಗೆ ಹೋಗಬೇಕಾಯಿತು. ನದಿಯ ಪಾತ್ರದ ಮರಳಿನಲ್ಲಿ ನಡೆಯುತ್ತಿದ್ದ ಭಾನುವಾರದ ಸಂತೆಯೂ ತನ್ನ ಸ್ಥಳವನ್ನು ಬಿಟ್ಟುಕೊಟ್ಟಿತು. ಕಲ್ಲಿನಿಂದ ತೊಡಗಿದ ಯೋಜನೆ ಹರಿವಿಗೂ ನೆಲಕ್ಕೂ ಆಮೇಲೆ ಉತ್ತರ ಹುಡುಕಬೇಕಾಯಿತು.

ಇನ್ನೊಂದು ಉದಾಹರಣೆ ಜರ್ಮನಿಯ ಮ್ಯೂನಿಕ್ ನಗರದ ಇಸಾರ್ ನದಿ. ಅದೂ ಕಾಳಿಯಂತೆ ವಿದ್ಯುತ್ತಿಗಾಗಿ ನೀರನ್ನು ಕಾಲುವೆಗಳಿಗೆ ಕಳೆದುಕೊಂಡ, ಗೋಡೆಗಳ ನಡುವೆ ನೇರಗೊಂಡಿದ್ದ ಹೊಳೆ. ೨೦೦೦ದಿಂದ ೨೦೧೧ರವರೆಗೆ ಅದರ ಎಂಟು ಕಿಲೋಮೀಟರುಗಳನ್ನು ಮತ್ತೆ ರೂಪಿಸಿದರು. ಅಲ್ಲಿ ಮೊದಲು ಹಳೆಯ ಪಾತ್ರದಲ್ಲಿ ಉಳಿಯಬೇಕಾದ ಕನಿಷ್ಠ ಹರಿವನ್ನು ಹೆಚ್ಚಿಸಿದರು. ಮೇಲ್ಗಡೆಯ ಊರುಗಳ ಮಲಿನಜಲವನ್ನು ಮೀಯಲು ಯೋಗ್ಯವಾಗುವಷ್ಟು ಶುದ್ಧಗೊಳಿಸುವ ವ್ಯವಸ್ಥೆ ಮಾಡಿದರು. ಬಳಿಕ ಗೋಡೆಗಳನ್ನು ಕಿತ್ತು ಪಾತ್ರವನ್ನು ಅಗಲಗೊಳಿಸಿದರು. ಮಹಾಪೂರ ಬಂದಾಗ ನೀರು ಹರಡಿಕೊಳ್ಳಲು ಆ ಅಗಲವೇ ಎಡೆಯಾಯಿತು. ಬೇಸಗೆಯಲ್ಲಿ ಊರಿನವರು ಜಲ್ಲಿಗಲ್ಲಿನ ದಂಡೆಯಲ್ಲಿ ಕುಳಿತು ನೀರಿಗೆ ಇಳಿಯುತ್ತಾರೆ. ಅದಕ್ಕೆ ಚೀಟಿ ಕೊಳ್ಳಬೇಕಾಗಿಲ್ಲ. ಆ ದೇಶದ ಸಂಪತ್ತು ನಮ್ಮಲ್ಲಿಲ್ಲವೆಂಬುದು ನಿಜ. ಆದರೆ ಇಲ್ಲಿ ಕಲಿಯಬೇಕಾದುದು ಖರ್ಚನ್ನಲ್ಲ, ಕ್ರಮವನ್ನು. ನೀರು, ಹರಿವು, ನೆಲ, ಕೊನೆಗೆ ಕಲ್ಲು ಎಂಬ ಆ ಕ್ರಮಕ್ಕೆ ಹಣಕ್ಕಿಂತ ಸಂಯಮ ಹೆಚ್ಚಾಗಿ ಬೇಕು.

೭

ಯೋಜನೆಗಳ ಭಾಷೆಯನ್ನು ಮತ್ತು ಚಿತ್ರಗಳನ್ನು ಸಾಹಿತ್ಯದ ವಿದ್ಯಾರ್ಥಿಗಳು ಓದಬೇಕಾದ ರೀತಿಯೊಂದಿದೆ. ನಮ್ಮ ಚಂಪೂಕಾವ್ಯಗಳಲ್ಲಿ ಅಷ್ಟಾದಶವರ್ಣನೆಗಳ ಸಂಪ್ರದಾಯವಿತ್ತು. ಅವುಗಳಲ್ಲಿ ಜಲಕ್ರೀಡೆಯೂ ಒಂದು. ಕವಿ ನದಿಯನ್ನು ಕಂಡಿರಲಿ ಕಾಣದಿರಲಿ, ಕಮಲಗಳು, ಹಂಸಗಳು, ನೀರೆರಚುವ ರಾಜಸ್ತ್ರೀಯರು ಅಲ್ಲಿ ಬರಲೇಬೇಕು. ನೀರು ಹೊತ್ತು ಹೋಗುವವಳಿಗೆ ಆ ವರ್ಣನೆಯಲ್ಲಿ ಪ್ರವೇಶವಿರಲಿಲ್ಲ. ಇಂದಿನ ದಂಡೆಯ ಯೋಜನಾಚಿತ್ರಗಳು ಈ ಸಂಪ್ರದಾಯದ ನೇರ ವಾರಸುದಾರರು. ಅವುಗಳಲ್ಲಿ ಸದಾ ಸಂಜೆ. ಹೊಳೆ ಸದಾ ತುಂಬಿರುತ್ತದೆ. ನೀರು ಸದಾ ನೀಲಿ. ತಿರುಗಾಡುವವರಿದ್ದಾರೆ, ಒಗೆಯುವವರಿಲ್ಲ; ಸಾಕುನಾಯಿಗಳಿವೆ, ಎಮ್ಮೆಗಳಿಲ್ಲ. ‘ಸೌಂದರ್ಯೀಕರಣ’ ಎಂಬ ಪದವೇ ಹೊಳೆಗೆ ಈವರೆಗೆ ಸೌಂದರ್ಯವಿರಲಿಲ್ಲವೆಂದು ಊಹಿಸಿಕೊಂಡು ಹುಟ್ಟಿದ್ದು. ವರ್ಣನೆಯಲ್ಲಿ ಯಾರಿಗೆ ಎಡೆಯಿಲ್ಲವೋ ಅವರಿಗೆ ಕಟ್ಟಡದಲ್ಲೂ ಎಡೆಯಿರುವುದಿಲ್ಲ. ಆದುದರಿಂದ ಕಾವ್ಯವಿಮರ್ಶೆ ಇಲ್ಲಿ ಕಾಲಹರಣವೆನಿಸದು.

ಇದಕ್ಕೆ ಪ್ರತಿಯಾಗಿ ನಮ್ಮ ಜನಪದರು ಬೇರೊಂದು ಚಿತ್ರವನ್ನು ಇಟ್ಟುಹೋಗಿದ್ದಾರೆ. ‘ಕೆರೆಗೆ ಹಾರ’ ಎಂಬ ಕಥನಗೀತ ಎಲ್ಲರಿಗೂ ತಿಳಿದಿರುವುದೇ. ಊರಿಗಾಗಿ ಕಟ್ಟಿಸಿದ ಕೆರೆಯಲ್ಲಿ ನೀರು ಬೀಳದಿರಲು ಗೌಡನ ಮನೆಯ ಕಿರಿಯ ಸೊಸೆ ಭಾಗೀರಥಿ ಬಲಿಯಾಗುತ್ತಾಳೆ. ಮೆಟ್ಟಿಲು ಮೆಟ್ಟಿಲಾಗಿ ನೀರು ಅವಳ ಮೈಯನ್ನು ಮುಚ್ಚುತ್ತದೆ. ಆ ಬಲಿಯನ್ನು ಯಾರೂ ಮೆಚ್ಚಬೇಕಾಗಿಲ್ಲ. ಹಾಡೂ ಅದನ್ನು ಮೆಚ್ಚುವುದಕ್ಕಿಂತ ಮರುಗುವುದೇ ಹೆಚ್ಚು. ಆದರೆ ಹಾಡು ಎರಡು ಸತ್ಯಗಳನ್ನು ಮರೆಮಾಚುವುದಿಲ್ಲ. ಸಾರ್ವಜನಿಕ ಜಲಕಾರ್ಯಕ್ಕೆ ಯಾರೋ ಬೆಲೆ ತೆರುತ್ತಾರೆ, ಅವರಿಗೆ ಹೆಸರಿದೆ. ಕೆರೆ ಕಟ್ಟಿಸಿದವನ ಮನೆಯಿಂದಲೇ ಆ ಬೆಲೆ ಹೋಯಿತೆಂಬುದು ಇನ್ನೊಂದು. ಇಂದಿನ ಕಾರ್ಯಗಳಲ್ಲಿ ಕಟ್ಟಿಸುವವನ ಮನೆ ಬೇರೆ, ಬೆಲೆ ತೆರುವವನ ಮನೆ ಬೇರೆ. ಸೂಪಾದ ಮುಳುಗಡೆಯವರ ಹೆಸರನ್ನು ಹೇಳುವ ಹಾಡು ನಾಡಿನ ಬಾಯಲ್ಲಿಲ್ಲ. ಶರಾವತಿಯ ಮುಳುಗಡೆಗೆ ನಾ. ಡಿಸೋಜರು ‘ಮುಳುಗಡೆ’, ‘ದ್ವೀಪ’ಗಳಂಥ ಕೃತಿಗಳನ್ನು ಬರೆದರು, ‘ದ್ವೀಪ’ ೨೦೦೨ರಲ್ಲಿ ಗಿರೀಶ ಕಾಸರವಳ್ಳಿಯವರ ಚಿತ್ರವೂ ಆಯಿತು. ಕಾಳಿಗೆ ಆ ಪ್ರಮಾಣದ ಕನ್ನಡ ಕೃತಿಯ ಸಾಕ್ಷ್ಯ ದೊರೆತಿಲ್ಲ. ಸೂಪಾವನ್ನು ಕಂಡ ಹಿರಿಯರು ಇರುವಾಗಲೇ ಅವರ ನೆನಪುಗಳನ್ನು ಬರೆದಿಡುವುದು ನಮ್ಮ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಕೆಲಸ.

೮

ವಿಮರ್ಶೆ ದೋಷಗಳನ್ನು ಎಣಿಸಿ ನಿಲ್ಲಬಾರದು. ಇದುವರೆಗಿನ ವಿವೇಚನೆಯಿಂದ ದಾಂಡೇಲಿಯ ದಂಡೆಗೆ ಅನ್ವಯಿಸುವ ಕೆಲವು ಮಾತುಗಳನ್ನು ಹೇಳಬಹುದು. ಕಾರ್ಖಾನೆಯ ಮತ್ತು ಪಟ್ಟಣದ ತೊಳೆನೀರಿನ ಪರೀಕ್ಷೆಯ ಫಲಿತಾಂಶ ಕನ್ನಡದಲ್ಲಿ, ದಂಡೆಯ ಮೇಲೆಯೇ, ಹಲಗೆಯಲ್ಲಿ ಬರೆದು ತೋರಿಸುವಂತಾಗಬೇಕು. ತಮ್ಮ ಹೊಳೆಯ ಆರೋಗ್ಯವನ್ನು ತಿಳಿಯಲು ಜನರು ಅರ್ಜಿ ಹಾಕಬೇಕಾಗಿ ಬರಬಾರದು. ಸೂಪಾದಿಂದ ನೀರು ಬಿಡುವ ಹೊತ್ತನ್ನು ಹಾಗೆಯೇ ಮುಂದಾಗಿ ಸಾರಬೇಕು. ದೋಣಿಕ್ರೀಡೆಯವರಿಗೆ ದೊರೆಯುವ ಈ ತಿಳಿವಳಿಕೆ ಒಗೆಯುವವರಿಗೂ ದೊರೆಯುವುದು ಕಷ್ಟವಲ್ಲ. ಎರಡೂ ದಡಗಳಲ್ಲಿ ಮಹಾಪೂರ ಮುಟ್ಟುವ ಗೆರೆಯನ್ನು ಗುರುತಿಸಿ, ಅದರೊಳಗೆ ಕಟ್ಟಡಕ್ಕೆ ಅನುಮತಿ ಕೊಡದೆ, ಒಡೆತನ ಯಾರದೇ ಆಗಿದ್ದರೂ ಕಾಲುದಾರಿಯನ್ನು ತೆರೆದಿಡಬೇಕು. ಅಲ್ಲಲ್ಲಿ ಮೆಟ್ಟಿಲು, ದನಗಳ ಇಳಿಜಾರು, ಮೊಸಳೆಗೆ ತಡೆಯಿರುವ ಮೀಯುವ ಎಡೆ—ಇಷ್ಟಾದ ಮೇಲೆ ಹಣ ಉಳಿದರೆ ದೀಪವನ್ನೂ ಹಚ್ಚಬಹುದು. ಮುಂಡಗೋಡದ ಕೆರೆಗಳ ವಿಷಯದಲ್ಲೂ ಏರಿ, ಕೋಡಿಗಳ ಜೋಪಾನ ಮೊದಲು, ಉದ್ಯಾನ ಆಮೇಲೆ ಎಂಬ ನಿಯಮವೇ ಸಾಕು.

ಇವುಗಳಲ್ಲಿ ಯಾವುದಕ್ಕೂ ಸಾಬರಮತಿಯ ಗೋಡೆಗಳಷ್ಟು ವೆಚ್ಚವಾಗುವುದಿಲ್ಲ. ಉದ್ಘಾಟನೆಯ ಶಿಲಾಫಲಕಕ್ಕೂ ಇವು ಹೆಚ್ಚು ಎಡೆ ಕೊಡುವುದಿಲ್ಲ. ಅದರಿಂದಲೇ ಇವು ಹಿಂದೆ ಬೀಳುತ್ತವೆಯೋ ಏನೋ. ಉಳವಿಯ ಜಾತ್ರೆಗೆ ಹೊರಟ ಚಕ್ಕಡಿಯ ಎತ್ತು ಯಾರ ಅಪ್ಪಣೆಯನ್ನೂ ಕೇಳದೆ ಹೊಳೆಗಿಳಿದು, ಸ್ವಚ್ಛವಾದ ನೀರನ್ನು ಕುಡಿದು, ನೀರು ಏರುವ ಮುನ್ನ ದಡ ಸೇರಿತೆಂದರೆ ಆ ದಂಡೆ ಲಕ್ಷಣಬದ್ಧವಾಗಿದೆಯೆಂದು ತಿಳಿಯಬಹುದು.